ಚಳಿ ಬಿತ್ತೆಂದರೆ ಕಂಪನಿ ಹೊರಟಿತು!



ನಮ್ಮ ಕನ್ನಡ ಸಮಯದಲ್ಲಿ ಹಳೆಯ ರಂಗಗೀತೆಗಳನ್ನು ಹಾಕಿದಾಗಲೆಲ್ಲ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. “ನಾವು ಚಿಕ್ಕವರಿದ್ದಾಗ ಊರಿಗೆ ನಾಟಕ ಕಂಪನಿ ಬರುತ್ತಿದ್ದುದು ಚಳಿಗಾಲದಲ್ಲೇ. ಕಂಬಳಿ ಹೊದ್ದುಕೊಂಡು ಹೋಗಿ ನೋಡುತ್ತಿದ್ದೆವು. ನೋಡುವ ನಮಗೇ ಹಲ್ಲು ಕಟಕಟ ಅನ್ನುತ್ತಿತ್ತು. ಪಾಪ, ಜರಿ ಅಂಗಿ ತೊಟ್ಟು ಕುಣಿಯುವ ಅವರು ಆ ಚಳಿಯನ್ನೇ ಯಾಕೆ ಆರಿಸಿಕೊಳ್ಳುತ್ತಿದ್ದರು?”

ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ಬಾದಾಮಿಯಲ್ಲಲ್ಲ, ಗುಬ್ಬಿಯಲ್ಲಲ್ಲ, ದೂರದ ಕಾಶಿಯಲ್ಲಿ! ಅದೂ ಹನುಮಾನ್ ಘಾಟಿನ ಮೆಟ್ಟಿಲ ಮೇಲೆ, ಒಂದು ಜನವರಿ ಬೆಳಗ್ಗೆ.

ಘಾಟಿನ ಮೇಲೆ ಕನ್ನಡ

ಕಾಶಿಗೆ ಹೋದವರಿಗೆ ಗೊತ್ತು. ಹನುಮಾನ್ ಘಾಟಿನ ಸುತ್ತಮುತ್ತ ದಕ್ಷಿಣದವರದೇ ಓಣಿಗಳು. ತಮಿಳಿನ ಕವಿ ಸುಬ್ರಹ್ಮಣ್ಯ ಭಾರತಿ ಹುಡುಗರಾಗಿದ್ದಾಗ ಕೆಲವು ವರ್ಷ ಸೋದರತ್ತೆಯ ಮನೆಯಲ್ಲಿ ಇದ್ದುದು ಇಲ್ಲೇ. ಘಾಟಿನಿಂದ ಉತ್ತರಕ್ಕೆ ನಾಲ್ಕು ಹೆಜ್ಜೆ ಹಾಕಿದರೆ ಕರ್ನಾಟಕ ಘಾಟ್. ಹಳಬರು ಅದನ್ನು ಇಂದಿಗೂ ಮೈಸೂರು ಘಾಟ್ ಅನ್ನುತ್ತಾರೆ. ಅದನ್ನು ದಾಟಿದರೆ ಹರಿಶ್ಚಂದ್ರ ಘಾಟ್. ಅಲ್ಲಿ ಹಗಲೂ ರಾತ್ರಿ ಚಿತೆ ಉರಿಯುತ್ತಲೇ ಇರುತ್ತದೆ.

ಜನವರಿಯ ಕಾಶಿಯ ಚಳಿ ನಮ್ಮ ಕಡೆಯ ಚಳಿಯಂತಲ್ಲ. ರಾತ್ರಿ ಉಷ್ಣಾಂಶ 10 ಡಿಗ್ರಿಗಿಂತ ಕೆಳಗೆ ಇಳಿಯುವುದು ಮಾಮೂಲು. ಮಂಜು ಎಷ್ಟು ದಟ್ಟವೆಂದರೆ ಎದುರಿನ ದಂಡೆ ಇರಲಿ, ಹತ್ತು ಮಾರು ದೂರದ ದೋಣಿಯೂ ಕಾಣದು. ರೈಲುಗಳು ತಾಸುಗಟ್ಟಲೆ ತಡ. ನನ್ನ ರೈಲೂ ತಡವಾಗಿಯೇ ಬಂದಿತ್ತು. ಬೆಳಗ್ಗೆ ಚಹಾದಂಗಡಿಯ ಮುಂದೆ ಮಣ್ಣಿನ ಕುಡಿಕೆ ಹಿಡಿದು ನಿಂತಿದ್ದಾಗ ಪಕ್ಕದಿಂದ ಅಪ್ಪಟ ಬಾಗಲಕೋಟೆ ಕಡೆಯ ಮಾತು ಕಿವಿಗೆ ಬಿತ್ತು.

“ತಮ್ಮಾ, ಕೊಬ್ಬರಿ ಎಣ್ಣಿ ಕಲ್ಲಾಗೇತಿ ನೋಡು. ನಿಮ್ಮಪ್ಪ ಇದ್ದಿದ್ರ ಬಾಟ್ಲಿನ ಬಗಲಾಗ ಇಟಗೊಂಡು ಕುಂದ್ರತಿದ್ದ.”

ಮಾತಾಡಿದವರು ಎಪ್ಪತ್ತರ ಆಸುಪಾಸಿನ ಒಬ್ಬ ಹೆಂಗಸು. ಜೊತೆಗೆ ಮೂವತ್ತು ದಾಟಿದ ಒಬ್ಬ ಯುವಕ. ಕೈಯಲ್ಲಿ ಕೆಂಪು ಬಟ್ಟೆ ಸುತ್ತಿದ ಒಂದು ಗಡಿಗೆ. ಮಾತಿಗೆ ಮಾತು ಬೆಳೆಯಿತು. ಆಕೆ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಉತ್ತರ ಕರ್ನಾಟಕದ ಕಂಪನಿಗಳಲ್ಲಿ ಪಾತ್ರ ಮಾಡಿದವರು. ಗಡಿಗೆಯಲ್ಲಿದ್ದುದು ಆ ಯುವಕನ ತಂದೆಯ ಅಸ್ಥಿ. ಆತನೂ ಕಂಪನಿ ನಟ. ಆಕೆ ಚಂದ್ರಮತಿಯಾದಾಗ ಆತ ಹರಿಶ್ಚಂದ್ರ. ಬದುಕಿದ್ದಾಗ “ಆ ಸೀನಿನ ಕಾಶಿನ ಒಮ್ಮೆ ಖರೇನ ನೋಡಬೇಕು” ಅನ್ನುತ್ತಿದ್ದರಂತೆ. ಆಗಲಿಲ್ಲ. ಜೊತೆಗೆ ದುಡಿದ ಹಳೆಯ ಕಲಾವಿದರು ನೂರು, ಇನ್ನೂರು ಕೂಡಿಸಿ ಇವರಿಬ್ಬರ ರೈಲು ಚಾರ್ಜು ಒದಗಿಸಿದ್ದರು. ತಮ್ಮ ಹೆಸರು ಎಲ್ಲೂ ಹಾಕಬೇಡಿ ಎಂದು ಆಕೆ ಕೇಳಿಕೊಂಡಿದ್ದಾರೆ. ಹಾಗಾಗಿ ಇಲ್ಲಿ ಹೆಸರಿಲ್ಲ.

ಯುವಕ ಬೆಂಗಳೂರಿನಲ್ಲಿ ಗ್ಯಾರೇಜ್ ಕೆಲಸ ಮಾಡುತ್ತಾನೆ. ಬೆಳೆದದ್ದು ಅಜ್ಜಿಯ ಮನೆಯಲ್ಲಿ. ತಂದೆಯ ನಾಟಕವನ್ನು ಒಮ್ಮೆಯೂ ನೋಡಿಲ್ಲ. ಅವನು ಹೇಳಿದ ಒಂದು ಮಾತು ನನ್ನ ಮನಸ್ಸಿನಲ್ಲಿ ಹಾಗೇ ಕೂತಿದೆ. “ನಮಗ ಅಪ್ಪ ಅಂದ್ರ ಮಳಿ ಜೋಡಿ ಬರಾಂವ ರೀ. ಚಳಿಗಾಲದಾಗ ಎಂದೂ ಮನ್ಯಾಗ ಇರ್ತಿದ್ದಿಲ್ಲ. ಯಾಕಂತ ಕೇಳಿದ್ರ ಅಜ್ಜಿ ‘ಜಾತ್ರಿ’ ಅಂತಿದ್ಲು. ಅಷ್ಟ.”

ನಿಮ್ಮ ಪ್ರಶ್ನೆಯೂ ಅದೇ, ಅವನ ಪ್ರಶ್ನೆಯೂ ಅದೇ. ಆಕೆ ಅವನಿಗೆ ಹೇಳಿದ ಉತ್ತರದ ಜೊತೆಗೆ ನನಗೆ ಗೊತ್ತಿದ್ದ ಒಂದಿಷ್ಟನ್ನು ಸೇರಿಸಿ ಇಲ್ಲಿ ಕೊಡುತ್ತಿದ್ದೇನೆ.

ಚಳಿ ಎಂದರೆ ಸುಗ್ಗಿ

ಮೊದಲ ಕಾರಣ ಸರಳ. ಕಂಪನಿಯ ಥಿಯೇಟರ್ ಎಂದರೆ ತಗಡು, ಗಳು, ತಟ್ಟು, ತಾಡಪಾಲು. ನೆಲವೇ ನೆಲ. ಮಳೆಗಾಲದಲ್ಲಿ ಇದು ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ನಿಲ್ಲುತ್ತದೆ, ಆದರೆ ಕಾದ ತಗಡಿನ ಕೆಳಗೆ ಜನ ಕೂರುವುದು ಕಷ್ಟ. ಮಳೆ ನಿಂತು ನೆಲ ಗಟ್ಟಿಯಾಗಿ, ರಾತ್ರಿ ಉದ್ದವಾಗುವ ಕಾಲವೆಂದರೆ ಚಳಿಗಾಲ.

ಎರಡನೆಯ ಕಾರಣ ಜನರ ಕೈಯಲ್ಲಿ ದುಡ್ಡು. ಮುಂಗಾರಿನ ಶೇಂಗಾ, ಹತ್ತಿ, ಮೆಣಸಿನಕಾಯಿ ಪೇಟೆಗೆ ಬರುವುದು ದೀಪಾವಳಿಯ ನಂತರ. ಹಿಂಗಾರಿನ ಜೋಳ ಹೊಲದಲ್ಲಿ ನಿಂತಿರುತ್ತದೆ, ಕೊಯ್ಲಿಗೆ ಇನ್ನೂ ಸಮಯವಿರುತ್ತದೆ. ಕೈಯಲ್ಲಿ ಕಾಸು, ಮೈಗೆ ಬಿಡುವು. ನಾಟಕಕ್ಕೆ ಇನ್ನೇನು ಬೇಕು?

ಮೂರನೆಯದೇ ಬಹಳ ಮುಖ್ಯ, ಜಾತ್ರೆ. ಎಳ್ಳಮಾವಾಸ್ಯೆ, ಸಂಕ್ರಾಂತಿ ಮುಗಿಯುತ್ತಿದ್ದಂತೆ ಉತ್ತರ ಕರ್ನಾಟಕದಲ್ಲಿ ತೇರುಗಳ ಸಾಲು. ವಿಜಯಪುರದ ಸಿದ್ಧೇಶ್ವರ, ಕೊಪ್ಪಳದ ಗವಿಸಿದ್ಧೇಶ್ವರ, ಸವದತ್ತಿಯ ಎಲ್ಲಮ್ಮ, ಮುಂದೆ ಕೊಟ್ಟೂರು, ಕಲಬುರಗಿ. ಇವುಗಳ ನಡುವೆ ನಾಟಕದವರ ಪಾಲಿಗೆ ದೊಡ್ಡದೆಂದರೆ ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆ. ಪುಷ್ಯ ಮಾಸದ ಬನದ ಹುಣ್ಣಿಮೆಗೆ ತೇರು. ಮುಂದೆ ಸುಮಾರು ಒಂದು ತಿಂಗಳು ಅಲ್ಲಿ ಕಂಪನಿಗಳ ಡೇರೆಗಳು ಒಂದರ ಪಕ್ಕ ಒಂದು. ದಿನಕ್ಕೆ ಒಂದೇ ಆಟವಲ್ಲ, ಎರಡು ಮೂರು. ಒಂದು ಡೇರೆಯ ಮೈಕು ಇನ್ನೊಂದು ಡೇರೆಯ ಮೈಕಿನ ಜೊತೆ ಜಗಳಕ್ಕೆ ಬಿದ್ದಂತೆ ಕೂಗುತ್ತಿರುತ್ತದೆ. ಚಕ್ಕಡಿ ಕಟ್ಟಿಕೊಂಡು, ರೊಟ್ಟಿ ಬುತ್ತಿ ಕಟ್ಟಿಕೊಂಡು ಬಂದ ಮಂದಿ ಒಂದೇ ರಾತ್ರಿ ಎರಡು ನಾಟಕ ನೋಡಿ ಹೋಗುತ್ತಿದ್ದರು.

“ಆ ಒಂದು ತಿಂಗಳ ಗೇಟ್ ಕಲೆಕ್ಷನ್ ಮ್ಯಾಲ ಇಡೀ ವರ್ಷದ ಲೆಕ್ಕ ರೀ” ಅಂದರು ಆಕೆ. “ಬನಶಂಕರಿ ಕೈ ಹಿಡಿದ್ರ ಮಾಲೀಕ ಸಾಲ ತೀರಸತಿದ್ದ, ನಮ್ಮ ಬಾಕಿ ಪಗಾರ ಕೊಡತಿದ್ದ. ಕೈ ಬಿಟ್ರ ಮಳಿಗಾಲದಾಗ ಒಲಿ ಹತ್ತತಿದ್ದಿಲ್ಲ. ತಮ್ಮಾ, ನಿನ್ನ ಸಾಲಿ ಫೀ ಬರತಿದ್ದದ್ದು ಆ ಜಾತ್ರಿಯಿಂದನ.”

ಯುವಕ ಏನೂ ಹೇಳಲಿಲ್ಲ.

ಕರಾವಳಿಯಲ್ಲೂ ಲೆಕ್ಕ ಬೇರೆಯಲ್ಲ. ಯಕ್ಷಗಾನ ಮೇಳಗಳು ದೀಪಾವಳಿಯ ನಂತರ ಗೆಜ್ಜೆ ಕಟ್ಟಿ ಹೊರಡುತ್ತವೆ. ಮೇ ಕೊನೆಯ ಹೊತ್ತಿನ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತವೆ. ಮಳೆಯ ಕ್ಯಾಲೆಂಡರೇ ಕಲಾವಿದನ ಕ್ಯಾಲೆಂಡರ್.

ಮೊಕ್ಕಾಂ ಹೂಡುವುದು ಹೇಗೆ?

ಕಂಪನಿ ನಾಟಕ ನಮ್ಮಲ್ಲಿ ಬೇರೂರಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಪಾರ್ಸಿ ಮತ್ತು ಮರಾಠಿ ಕಂಪನಿಗಳು ಬಣ್ಣದ ಪರದೆ, ಹಾರ್ಮೋನಿಯಂ ಹೊತ್ತು ನಮ್ಮ ಊರುಗಳಿಗೆ ಬಂದವು. ರೈಲು ಬಂದಿದ್ದರಿಂದ ಮೂಟೆಗಟ್ಟಲೆ ಸಾಮಾನು ಸಾಗಿಸುವುದು ಸಾಧ್ಯವಾಗಿತ್ತು. ನೋಡಿ ಕಲಿತ ನಮ್ಮವರು ತಮ್ಮದೇ ಕಂಪನಿ ಕಟ್ಟಿದರು. ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ. ಮುಂದೆ ಅದನ್ನು ಬೆಳೆಸಿದ ವೀರಣ್ಣನವರು ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು. ಆನೆ ಇರುವ ಕಂಪನಿ ಊರಿಂದ ಊರಿಗೆ ಹೋಗುವುದನ್ನು ಊಹಿಸಿಕೊಳ್ಳಿ! ಗದಗಿನ ಗರೂಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ, ವಾಮನರಾವ್ ಮಾಸ್ತರರ ವಿಶ್ವಗುಣಾದರ್ಶ ಮಂಡಳಿ, ಏಣಗಿ ಬಾಳಪ್ಪನವರ ಕಲಾವೈಭವ ನಾಟ್ಯ ಸಂಘ... ಪಟ್ಟಿ ಉದ್ದವಿದೆ. ಪಂಡಿತ ಮಲ್ಲಿಕಾರ್ಜುನ ಮನ್ಸೂರ್, ಬಸವರಾಜ ರಾಜಗುರು ಅವರಂಥ ದೊಡ್ಡ ಗಾಯಕರು ಹುಡುಗರಾಗಿದ್ದಾಗ ಬಣ್ಣ ಹಚ್ಚಿದ್ದೂ ಇಂಥ ಕಂಪನಿಯಲ್ಲೇ.

ಒಂದು ಊರಿನಲ್ಲಿ ಬಿಡಾರ ಹೂಡುವುದಕ್ಕೆ ‘ಕ್ಯಾಂಪ್’ ಅಥವಾ ‘ಮೊಕ್ಕಾಂ’ ಎನ್ನುತ್ತಾರೆ. ಕಂಪನಿ ಬರುವ ಎರಡು ವಾರ ಮೊದಲೇ ಮ್ಯಾನೇಜರ್ ಬಂದಿಳಿಯುತ್ತಾನೆ. ಬಯಲು ಯಾರದು, ಬಾಡಿಗೆ ಎಷ್ಟು, ಪುರಸಭೆಯ ಅನುಮತಿ, ಪೊಲೀಸ್ ಠಾಣೆಯ ಅನುಮತಿ, ತಾತ್ಕಾಲಿಕ ಕರೆಂಟು, ನೀರು. ಇದರ ಜೊತೆಗೆ ಊರಿನ ಹಿರಿಯರ ಮನೆಗಳಿಗೆ ಒಂದು ಸುತ್ತು. ಅವರ ಮನಸ್ಸು ಗೆಲ್ಲದೆ ಗೇಟು ತೆರೆಯುವುದಿಲ್ಲ. ಆಮೇಲೆ ಗೋಡೆಗೆ ಪೋಸ್ಟರು, ಟಾಂಗಾಕ್ಕೆ ಮೈಕು. ಟಾಂಗಾ ಹೋಗಿ ಆಟೋ ಬಂದಿತು, ಮೈಕು ಮಾತ್ರ ಹಾಗೇ ಉಳಿಯಿತು.

ಹಿಂದಿನ ಕ್ಯಾಂಪಿನಲ್ಲಿ ಕೊನೆಯ ಆಟ ಮುಗಿದ ರಾತ್ರಿಯೇ ಡೇರೆ ಬಿಚ್ಚುವ ಕೆಲಸ. ಅರಮನೆ, ರಸ್ತೆ, ಕಾಡು, ಸ್ಮಶಾನ - ಎಲ್ಲ ಪರದೆಗಳನ್ನೂ ಸುತ್ತಿ ಲಾರಿಗೆ. ಅವುಗಳ ಮೇಲೆ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಹಾಸಿಗೆ, ಹಾಸಿಗೆಯ ಮೇಲೆ ಕಲಾವಿದರು! ಡಿಸೆಂಬರಿನ ಬೆಳಗಿನ ಜಾವ, ತೆರೆದ ಲಾರಿ, ಎದುರಿನಿಂದ ಗಾಳಿ. “ನಾಟಕದ ಕಾಡಿನ ಪರದೆ ಹೊದ್ದಕೊಂಡು ಮಲಗತಿದ್ವಿ ರೀ. ಅದರಷ್ಟು ಬೆಚ್ಚಗ ಇನ್ನೊಂದಿಲ್ಲ. ಸ್ಮಶಾನದ ಪರದೆ ಮಾತ್ರ ಯಾರೂ ಹೊದೀತಿದ್ದಿಲ್ಲ. ನಿಮ್ಮಪ್ಪ ಒಬ್ಬನ. ‘ನಂದು ದಿನಾ ಅಲ್ಲೇ ಕೆಲಸ’ ಅಂತಿದ್ದ” ಎಂದು ಆಕೆ ನಕ್ಕರು. ಆಗ ಯುವಕನೂ ನಕ್ಕ.

ಗಂಟಲು, ಎಣ್ಣೆ, ತಬಲಾ

ಚಳಿ ದುಡ್ಡು ತರುತ್ತದೆ ನಿಜ. ಆದರೆ ಕಲಾವಿದನ ಬಂಡವಾಳಕ್ಕೇ ಕೈ ಹಾಕುವುದೂ ಅದೇ ಚಳಿ. ಹೇಗೆ ನೋಡಿ.

ಮೊದಲನೆಯದು ಗಂಟಲು. ಮೈಕು ಬರುವ ಮುಂಚೆ ಸಾವಿರಾರು ಜನರ ಕೊನೆಯ ಸಾಲಿಗೆ ಕಂದಪದ್ಯ ಮುಟ್ಟಬೇಕಿತ್ತು. ತಣ್ಣನೆಯ ಗಾಳಿ, ಜಾತ್ರೆಯ ಧೂಳು, ದಿನಕ್ಕೆ ಎರಡು ಮೂರು ಆಟ. ಗಂಟಲು ಕಟ್ಟದೆ ಇರುತ್ತದೆಯೇ? ಅದಕ್ಕೇ ಪ್ರತಿ ಬಿಡಾರದಲ್ಲೂ ಜ್ಯೇಷ್ಠಮಧು, ಕರಿಮೆಣಸು, ಶುಂಠಿ, ಕಲ್ಲುಸಕ್ಕರೆ. ಕೆಲವರು ಆಟದ ದಿನ ಮಾತೇ ಆಡುತ್ತಿರಲಿಲ್ಲವಂತೆ, ಸನ್ನೆಯಲ್ಲೇ ಸಂಸಾರ. ಗಂಟಲು ಹೋದರೆ ಪಾತ್ರ ಹೋಯಿತು, ಪಾತ್ರ ಹೋದರೆ ಪಗಾರ ಹೋಯಿತು.

ಎರಡನೆಯದು ಬಣ್ಣ. ಮುಖಕ್ಕೆ ಬಣ್ಣ ಹಚ್ಚುವ ಮೊದಲೂ, ಬಣ್ಣ ತೆಗೆಯುವಾಗಲೂ ಕೊಬ್ಬರಿ ಎಣ್ಣೆ ಬೇಕು. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಆದ್ದರಿಂದ ಚಳಿಗಾಲದ ಬಣ್ಣದ ಕೋಣೆಯಲ್ಲಿ ಒಂದು ಕೆಂಡದ ಅಗ್ಗಿಷ್ಟಿಕೆ ತಪ್ಪದು. ಅದಿಲ್ಲದಿದ್ದರೆ ಬಾಟಲಿ ಬಗಲಲ್ಲಿ! ಬೆಳಗಿನ ಜಾವ ಎರಡು ಗಂಟೆಗೆ ಆಟ ಮುಗಿದ ಮೇಲೆ ಕಲ್ಲಿನಂಥ ಎಣ್ಣೆಯಿಂದ ಬಣ್ಣ ಉಜ್ಜಿ, ತಣ್ಣೀರಿನಲ್ಲಿ ಮುಖ ತೊಳೆಯುವುದನ್ನು ನೆನೆಸಿಕೊಂಡರೆ ನಮಗೇ ನಡುಕ ಬರುತ್ತದೆ.

ಮೂರನೆಯದು ವಾದ್ಯ. ತಬಲಾ, ಮದ್ದಳೆಗಳ ಮುಚ್ಚಿಗೆ ಚರ್ಮದ್ದು. ಇಬ್ಬನಿಯ ತೇವ ಹೀರಿಕೊಂಡರೆ ಚರ್ಮ ಸಡಿಲವಾಗಿ ಶ್ರುತಿ ಇಳಿಯುತ್ತದೆ. ಒಣ ಚಳಿಯಲ್ಲಿ ಬಿಗಿದು ಶ್ರುತಿ ಏರುತ್ತದೆ. ಕಾಲು ಹಾರ್ಮೋನಿಯಮ್ಮಿನ ಶ್ರುತಿ ಮಾತ್ರ ಇದ್ದಲ್ಲೇ ಇರುತ್ತದೆ. ಅಂದರೆ ರಾತ್ರಿ ಬೆಳೆದಂತೆ ಎರಡೂ ದೂರ ದೂರ! ಹಾಗಾಗಿ ತಬಲಾದವರು ಎರಡು ದೃಶ್ಯಗಳ ನಡುವೆ ಸುತ್ತಿಗೆ ಹಿಡಿದು ಟಕಟಕ ಅನ್ನಿಸುತ್ತಲೇ ಇರಬೇಕು. ನಮ್ಮ ಕನ್ನಡ ಸಮಯದಲ್ಲಿ ಹಳೆಯ ಧ್ವನಿಮುದ್ರಣ ಕೇಳುವಾಗ ಹಿನ್ನೆಲೆಯಲ್ಲಿ ಆ ಟಕಟಕ ಬಂದರೆ ತಪ್ಪು ಎಂದುಕೊಳ್ಳಬೇಡಿ.

ಬಿಡಾರದ ಮನೆತನ

ಕಂಪನಿಯಲ್ಲಿ ಅಡುಗೆ ಒಂದೇ, ಒಲೆ ಒಂದೇ. ದೊಡ್ಡ ಕಂಪನಿಗಳಲ್ಲಿ ಅದನ್ನು ‘ಕಂಪನಿ ಮನೆ’ ಎನ್ನುತ್ತಿದ್ದರು. ರಾಜನ ಪಾತ್ರದವನೂ, ಪರದೆ ಎಳೆಯುವವನೂ ಒಂದೇ ಪಂಕ್ತಿ. ಕಾಯಿಲೆ ಬಿದ್ದರೆ ಉಳಿದವರು ನೋಡಿಕೊಳ್ಳುತ್ತಿದ್ದರು. ಕಲಾವಿದನೊಬ್ಬನ ಮಗಳ ಮದುವೆ ಬಂದರೆ ಅವನ ಹೆಸರಲ್ಲಿ ಒಂದು ‘ಬೆನಿಫಿಟ್ ಷೋ’. ಆ ದಿನದ ಕಲೆಕ್ಷನ್ ಅವನಿಗೆ.

ಇಷ್ಟೆಲ್ಲ ಇದ್ದರೂ ಊರಿನವರ ಕಣ್ಣು ಬೇರೆಯೇ. ರಂಗದ ಮೇಲೆ ಚಂದ್ರಮತಿ ಅತ್ತರೆ ಇಡೀ ಡೇರೆ ಅಳುತ್ತಿತ್ತು. ಮರುದಿನ ಬೆಳಗ್ಗೆ ಅದೇ ಚಂದ್ರಮತಿ ಬಾಡಿಗೆಗೆ ಕೋಣೆ ಕೇಳಿದರೆ “ನಾಟಕದವ್ರಿಗೆ ಕೊಡೂದಿಲ್ಲ” ಅನ್ನುತ್ತಿದ್ದರು. ಮೊದಲು ಹೆಣ್ಣು ಪಾತ್ರಗಳನ್ನೂ ಗಂಡಸರೇ ಮಾಡುತ್ತಿದ್ದರು. ಗುಬ್ಬಿ ಕಂಪನಿಯಂಥವು ಸ್ತ್ರೀಯರನ್ನು ರಂಗಕ್ಕೆ ತಂದವು. ಬಿ. ಜಯಮ್ಮ, ಮಳವಳ್ಳಿ ಸುಂದರಮ್ಮ ಮನೆಮಾತಾದರು. ಆದರೆ ಹೆಸರಾಗದ ನೂರಾರು ಹೆಣ್ಣುಮಕ್ಕಳಿಗೆ ಆ ಚಪ್ಪಾಳೆ ರಾತ್ರಿಯ ಮಟ್ಟಿಗೆ ಮಾತ್ರ.

ಮಕ್ಕಳ ಸಂಗತಿ ಇನ್ನೂ ಕಷ್ಟ. ಮೂರು ತಿಂಗಳಿಗೊಂದು ಊರು ಎಂದರೆ ಮೂರು ತಿಂಗಳಿಗೊಂದು ಶಾಲೆ. ಕೆಲವರು ಮಕ್ಕಳನ್ನು ಜೊತೆಗೇ ಇಟ್ಟುಕೊಂಡರು. ಆ ಮಕ್ಕಳು ಲೋಹಿತಾಶ್ವನಾಗಿ, ಪ್ರಹ್ಲಾದನಾಗಿ ಬೆಳೆದು ಕಲಾವಿದರಾದರು. ಡಾ. ರಾಜ್‌ಕುಮಾರ್ ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯ ನಟರು. ಮಗನೂ ಅಲ್ಲೇ ಬೆಳೆದ. ಮುಂದಿನ ಕತೆ ನಿಮಗೆ ಗೊತ್ತೇ ಇದೆ. ಇನ್ನು ಕೆಲವರು “ನಮ್ಮ ಪಾಡು ಮಕ್ಕಳಿಗೆ ಬ್ಯಾಡ” ಎಂದು ಅಜ್ಜಿಯ ಮನೆಯಲ್ಲಿ ಬಿಟ್ಟರು. ನಮ್ಮ ಯುವಕ ಈ ಎರಡನೆಯ ಗುಂಪಿನವನು.

“ನನ್ನ ಒಮ್ಮೆನೂ ಯಾಕ ಕರಕೊಂಡು ಹೋಗಲಿಲ್ಲ ಚಿಗವ್ವಾ?” ಎಂದು ಅವನು ಕೇಳಿದ.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು. “ಒಮ್ಮೆ ಬಣ್ಣದ ವಾಸನಿ ಮೂಗಿಗೆ ಹೊಡೀತಂದ್ರ ಹುಡುಗ ಸಾಲಿಗೆ ಹೋಗೂದಿಲ್ಲ ಅಂತಿದ್ದ. ಅಂವಗ ನಾಟಕದ ಮ್ಯಾಲ ಸಿಟ್ಟಿರಲಿಲ್ಲ ತಮ್ಮಾ. ನಿನ್ನ ಬಗ್ಗೆ ಅಂಜಿಕಿ ಇತ್ತು.”

ಕಾಶಿಗೆ ಬಂದ ಕಂಪನಿ ಹುಡುಗ

ಬಣ್ಣದ ವಾಸನೆಗೆ ಮನೆ ಬಿಟ್ಟು ಓಡಿಬಂದ ಹುಡುಗರೂ ಇದ್ದರು. ಅವರಲ್ಲೊಬ್ಬರು ಇದೇ ಕಾಶಿಗೆ ಬಂದರು. ಬಂಟ್ವಾಳ ತಾಲೂಕಿನ ಮಂಚಿಯಲ್ಲಿ 1929ರಲ್ಲಿ ಹುಟ್ಟಿದ ಬಿ.ವಿ. ಕಾರಂತರು ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದವರು. ಹುಡುಗನ ಚುರುಕು ಕಂಡ ವೀರಣ್ಣನವರು ಅವರನ್ನು ಬನಾರಸಿಗೆ ಓದಲು ಕಳಿಸಿದರು. ಕಾರಂತರು ಇಲ್ಲಿ ಹಿಂದಿ ಎಂ.ಎ. ಮಾಡಿದರು, ಪಂಡಿತ ಓಂಕಾರನಾಥ ಠಾಕೂರರಲ್ಲಿ ಹಿಂದೂಸ್ತಾನಿ ಸಂಗೀತ ಕಲಿತರು. ಮುಂದೆ 1962ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಿಂದ ಹೊರಬಂದರು. 1977ರಲ್ಲಿ ಅದೇ ಶಾಲೆಯ ನಿರ್ದೇಶಕರಾದರು. ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ಅನ್ನು ಯಕ್ಷಗಾನದ ಹೆಜ್ಜೆಯಲ್ಲಿ ಹಿಂದಿಗೆ ತಂದರು. ಕಾಶಿಯವರೇ ಆದ ಭಾರತೇಂದು ಹರಿಶ್ಚಂದ್ರರ ‘ಅಂಧೇರ್ ನಗರಿ’ಯನ್ನು ಆಡಿಸಿದರು. ಭೋಪಾಲ್, ಮೈಸೂರಿನ ರಂಗಾಯಣ... ಒಂದು ಕಡೆ ಕೂತವರಲ್ಲ. 2002ರಲ್ಲಿ ಅವರು ತೀರಿಕೊಂಡ ಮೇಲೆ ಬಂದ, ವೈದೇಹಿಯವರು ನಿರೂಪಿಸಿದ ಅವರ ಆತ್ಮಕಥನದ ಹೆಸರೇ ‘ಇಲ್ಲಿರಲಾರೆ, ಅಲ್ಲಿಗೆ ಹೋಗಲಾರೆ’. ತಿರುಗಾಟದ ಕಲಾವಿದರೆಲ್ಲರ ಪಾಡಿಗೂ ಇದು ಹೊಂದುವ ಹೆಸರು.

ಒಬ್ಬ ಕಂಪನಿ ಮಾಲೀಕ ತನ್ನ ಹುಡುಗನೊಬ್ಬನನ್ನು ಇಷ್ಟು ದೂರ ಓದಲು ಕಳಿಸಿದನೆಂದರೆ ಅದು ಸಣ್ಣ ಸಂಗತಿಯಲ್ಲ. ಟಿಕೆಟ್ಟಿನ ದುಡ್ಡು ಹೀಗೂ ಖರ್ಚಾಗಿದೆ.

ಕಾಶಿಗೂ ತನ್ನದೇ ನಾಟಕ ಪರಂಪರೆಯಿದೆ. ನದಿಯ ಆಚೆ ದಂಡೆಯ ರಾಮನಗರದಲ್ಲಿ ಪ್ರತಿ ವರ್ಷ ಸುಮಾರು ಒಂದು ತಿಂಗಳ ರಾಮಲೀಲಾ. ಮೈಕಿಲ್ಲ, ವಿದ್ಯುದ್ದೀಪವಿಲ್ಲ. ಅಯೋಧ್ಯೆ ಒಂದು ಕಡೆ, ಲಂಕೆ ಇನ್ನೊಂದು ಕಡೆ. ಅಲ್ಲಿ ಪ್ರೇಕ್ಷಕರೇ ಆಟದ ಹಿಂದೆ ನಡೆದು ಹೋಗುತ್ತಾರೆ. ನಮ್ಮಲ್ಲಿ ಆಟವೇ ಪ್ರೇಕ್ಷಕರ ಹತ್ತಿರ ನಡೆದು ಬರುತ್ತದೆ. ರಾಮನಗರದ ಲೀಲೆ ಆಶ್ವಯುಜದ ಹುಣ್ಣಿಮೆಯ ಹೊತ್ತಿಗೆ ಮುಗಿಯುತ್ತದೆ. ನಮ್ಮ ಕಂಪನಿಗಳು ಪೆಟ್ಟಿಗೆ ಕಟ್ಟಲು ಶುರು ಮಾಡುವುದು ಹೆಚ್ಚುಕಡಿಮೆ ಆಗಲೇ!

ಈಗಿನ ತಿರುಗಾಟ

ಈಗ ಏನಾಗಿದೆ ಎಂದು ನೀವು ಕೇಳಬಹುದು. ಸಿನಿಮಾ ಬಂತು, ಟಿವಿ ಬಂತು, ಮೊಬೈಲು ಬಂತು. ಕಂಪನಿಗಳ ಸಂಖ್ಯೆ ಇಳಿಯುತ್ತಾ ಬಂತು. ಇಂದು ನಡೆಯುವವುಗಳಲ್ಲಿ ಹೆಚ್ಚಿನವು ಹಾಸ್ಯ ನಾಟಕಗಳು. ಹೆಸರು ಕೇಳಿದರೆ ಮನೆಮಂದಿಯ ಜೊತೆ ಹೋಗಲು ಹಿಂದೆಮುಂದೆ ನೋಡುವಂಥವೂ ಇವೆ. ಅದಕ್ಕೆ ಕಲಾವಿದರನ್ನೇ ಬೈಯುವುದು ಸುಲಭ. ಗೇಟಿನಲ್ಲಿ ದುಡ್ಡು ಕೊಡುವವರು ನಾವೇ ಎಂಬುದನ್ನು ಮರೆಯಬಾರದು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದಾಗ ಜಾತ್ರೆಗಳು ನಿಂತವು, ಡೇರೆಗಳು ಬಿಚ್ಚಿಕೊಂಡವು. ಸೀಸನ್ ಹೋದರೆ ವರ್ಷವೇ ಹೋದಂತೆ ಎಂದು ಮೇಲೆ ಹೇಳಿದೆನಲ್ಲ, ಅದು ಆಗ ನಿಜವಾಗಿ ನಡೆಯಿತು.

ಇನ್ನೊಂದು ದಾರಿಯೂ ಇದೆ. ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್, ಕೆ.ವಿ. ಸುಬ್ಬಣ್ಣನವರ ನೇತೃತ್ವದಲ್ಲಿ 1985ರಿಂದ ‘ತಿರುಗಾಟ’ ಶುರು ಮಾಡಿತು. ಮಳೆ ಮುಗಿದ ಮೇಲೆ ಹೊರಟು ಚಳಿಗಾಲವಿಡೀ ರಾಜ್ಯದ ಊರೂರು ಸುತ್ತುವ ತಂಡವಿದು. ಆದರೆ ಲೆಕ್ಕ ಬೇರೆ. ಕಂಪನಿಯಲ್ಲಿ ನಷ್ಟವಾದರೆ ಮಾಲೀಕನ ತಲೆಗೆ, ಅಲ್ಲಿಂದ ಕಲಾವಿದನ ಹೊಟ್ಟೆಗೆ. ತಿರುಗಾಟದಲ್ಲಿ ಆಯಾ ಊರಿನ ಸಂಘಟಕರು ಆಟಕ್ಕೆ ಇಷ್ಟು ಎಂದು ಕೊಟ್ಟು, ಊಟ ವಸತಿ ನೋಡಿಕೊಳ್ಳುತ್ತಾರೆ. ನಟರೇ ಸೆಟ್ ಕಟ್ಟುತ್ತಾರೆ, ಲೈಟು ಕಟ್ಟುತ್ತಾರೆ, ಆಟ ಮುಗಿಸಿ ತಾವೇ ಬಿಚ್ಚಿ ಗಾಡಿಗೆ ತುಂಬುತ್ತಾರೆ. ಶೇಕ್ಸ್‌ಪಿಯರ್, ಕುವೆಂಪು, ಕಾರ್ನಾಡರ ನಾಟಕಗಳು ಹೀಗೆ ತಾಲೂಕು ಕೇಂದ್ರಗಳನ್ನೂ ಹಳ್ಳಿಗಳನ್ನೂ ಮುಟ್ಟಿದವು. ಚಿತ್ರದುರ್ಗ ಜಿಲ್ಲೆಯ ಸಾಣೇಹಳ್ಳಿಯ ಶಿವಸಂಚಾರ 1997ರಿಂದ ಇದೇ ಬಗೆಯಲ್ಲಿ ನಡೆದಿದೆ. ವಯಸ್ಸಾದ ಬಡ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾಸಾಶನವೂ ಇದೆ. ನಿಮ್ಮ ಊರಿನಲ್ಲಿ ಅರ್ಜಿ ಹಾಕಲು ಬಾರದ ಹಳೆಯ ಕಲಾವಿದರಿದ್ದರೆ ದಯವಿಟ್ಟು ಒಂದು ಅರ್ಜಿ ಬರೆದುಕೊಡಿ. ಇದೂ ಒಂದು ಚಪ್ಪಾಳೆಯೇ.

ಮತ್ತೆ ಘಾಟಿಗೆ

ಹತ್ತು ಗಂಟೆಗೆ ಮಂಜು ಸ್ವಲ್ಪ ಕರಗಿತು. ಕನ್ನಡ ಬಲ್ಲ ಪುರೋಹಿತರು ಬಂದರು. ಹನುಮಾನ್ ಘಾಟಿನಿಂದ ದೋಣಿ ಹೊರಟಿತು. ಅವರು ಕರೆದರು, ನಾನೂ ಹತ್ತಿದೆ. ಗಂಗೆ ಕಾಶಿಯಲ್ಲಿ ಉತ್ತರಕ್ಕೆ ಹರಿಯುತ್ತಾಳೆ. ಅವಳ ಜೊತೆಗೇ ಸಾಗಿ ಕರ್ನಾಟಕ ಘಾಟ್ ದಾಟಿದೆವು. ಎದುರಿಗೆ ಹರಿಶ್ಚಂದ್ರ ಘಾಟ್. ಹೊಗೆ ಯಾವುದು, ಮಂಜು ಯಾವುದು ಗೊತ್ತಾಗುವಂತಿರಲಿಲ್ಲ.

ಹದಿಮೂರನೆಯ ಶತಮಾನದಲ್ಲಿ ರಾಘವಾಂಕ ಕವಿ ಕನ್ನಡಕ್ಕೆ ಕೊಟ್ಟ ಕತೆ ಅದು. ರಾಜ್ಯ ಕಳೆದುಕೊಂಡ ಅರಸ, ಸಾಲ ವಸೂಲಿಗೆ ಬೆನ್ನು ಬಿದ್ದ ನಕ್ಷತ್ರಿಕ, ಸುಡುಗಾಡು ಕಾಯುವ ಕೆಲಸ, ಹಾವು ಕಚ್ಚಿ ಸತ್ತ ಮಗನನ್ನು ಹೊತ್ತು ತರುವ ಹೆಂಡತಿ. ಗಾಂಧೀಜಿ ಹುಡುಗರಾಗಿದ್ದಾಗ ಒಂದು ನಾಟಕ ಕಂಪನಿಯ ‘ಹರಿಶ್ಚಂದ್ರ’ ನೋಡಿ ಮನಸ್ಸು ಕೊಟ್ಟಿದ್ದನ್ನು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಊರಿಗೆ ಬಂದ ಒಂದು ಕಂಪನಿ ಏನು ಮಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

“ಹರಿಶ್ಚಂದ್ರ ಅಂದ್ರ ಗೇಟ್‌ಕೀಪರ್ ಇದ್ದಂಗ ನೋಡು ತಮ್ಮಾ” ಎಂದರು ಆಕೆ. “ಹೆಂಡತಿ ಬಂದ್ರೂ ಪಾಸ್ ಇಲ್ಲ. ನಿಮ್ಮಪ್ಪ ಹಂಗ. ಒಂದು ಸಲಾ ಬನಶಂಕರಿ ಜಾತ್ರಿಯೊಳಗ ಜ್ವರ ಬಂದು ಮೈ ಸುಡತಿತ್ತು. ಮೂರು ಆಟ ಇದ್ವು. ಮಾಲೀಕ ‘ಬ್ಯಾಡ ಬಿಡು’ ಅಂದ್ರೂ ಕೇಳಲಿಲ್ಲ. ‘ಮಂದಿ ರೊಕ್ಕ ಕೊಟ್ಟು ಕುಂತಾರ’ ಅಂದ. ಮೂರೂ ಆಟ ಮಾಡಿದ. ಆ ರೊಕ್ಕ ಮನಿಗೆ ಮನಿಯಾರ್ಡರ್ ಮಾಡಿದ. ನೀ ಆಗ ಮೂರನೇ ಇಯತ್ತೆ ಇದ್ದಿ.”

ಯುವಕ ಗಡಿಗೆಯ ಬಟ್ಟೆ ಬಿಚ್ಚಿದ. ಪುರೋಹಿತರು ಮಂತ್ರ ಹೇಳಿದರು. ಮುಗಿದ ಮೇಲೆ ಆಕೆ ಕೈಚೀಲದಿಂದ ಕೊಬ್ಬರಿ ಎಣ್ಣೆಯ ಬಾಟಲಿ ತೆಗೆದು ಒಂದು ಗಳಿಗೆ ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿದರು. ಆಮೇಲೆ ಹಾಗೇ ಚೀಲಕ್ಕೆ ಹಾಕಿಕೊಂಡರು. ನಾನು ಏನೂ ಕೇಳಲಿಲ್ಲ.

ದೋಣಿ ಇಳಿಯುವಾಗ ಯುವಕ ಕೇಳಿದ: “ಚಿಗವ್ವಾ, ಈ ಸಲದ ಬನದ ಹುಣ್ಣಿಮಿ ಯಾವಾಗ?” ಊರಿಗೆ ಹೋದ ಮೇಲೆ ಬನಶಂಕರಿಗೆ ಹೋಗಿ ಒಂದು ನಾಟಕ ನೋಡಬೇಕಂತೆ. ಯಾವುದಾದರೂ ಆದೀತು, ಟಿಕೆಟ್ ತಗೊಂಡು, ಮುಂದಿನ ಸಾಲಿನಲ್ಲಿ.

ಮಿತ್ರರೇ, ನಿಮ್ಮ ಊರಿಗೆ ಬಂದಿದ್ದ ಕಂಪನಿ ಯಾವುದು? ಅಂದು ಹೊದ್ದಿದ್ದ ಕಂಬಳಿ, ಕೊಟ್ಟ ಟಿಕೆಟ್ ದುಡ್ಡು, ಅತ್ತ ದೃಶ್ಯ ನೆನಪಿದ್ದರೆ ನಾಲ್ಕು ಸಾಲು ಬರೆದು ಕಳಿಸಿ. ಮುಂದಿನ ರಂಗಗೀತೆಗಳ ದಿನ ಓದುತ್ತೇವೆ. ಹನುಮಾನ್ ಘಾಟಿಗೆ ಚಳಿಗಾಲದಲ್ಲಿ ಹೋಗುವವರಿದ್ದರೆ ಎರಡು ಸ್ವೆಟರ್ ಇರಲಿ, ವಾಪಸ್ ರೈಲಿಗೆ ಒಂದು ದಿನ ಕೈಯಲ್ಲಿರಲಿ. ಬೆಳಗ್ಗೆ ಮಲೈಯೋ ತಿನ್ನುವುದನ್ನು ಮರೆಯಬೇಡಿ. ಹಾಲಿನ ನೊರೆಯ ಆ ಸಿಹಿ ಚಳಿಗಾಲ ಬಿಟ್ಟರೆ ಸಿಗುವುದಿಲ್ಲ. ನಮ್ಮ ಕಂಪನಿ ನಾಟಕದ ಹಾಗೆಯೇ!

ಮತ್ತೆ ಸಿಗೋಣ. ಕೇಳುತ್ತಿರಿ.